ಎಷ್ಟು ಅಂಗುಲ ಕೂದಲಿಗೆ ಒಬ್ಬ ತಾಯಿ?

ವಸಾಹತಿನ ಕಾರ್ಯದರ್ಶಿ ಸಾಹೇಬರಿಗೆ,

ಮಾನ್ಯರೇ, ಹೊನೋರಾ ಗೆರಾಟಿಯ ಮದುವೆಗೆ ತಾವು ಅನುಮತಿ ನಿರಾಕರಿಸಿದ್ದೀರಿ. "ಕೂದಲು ಬೆಳೆದು ಮೊದಲ ದರ್ಜೆಗೆ ಬಂದ ಮೇಲೆ ಅರ್ಜಿ ಹಾಕತಕ್ಕದ್ದು" ಎಂದು ಷರಾ ಬರೆದಿದ್ದೀರಿ. ಆ ಕೂದಲನ್ನು ಕತ್ತರಿಸಿದ್ದೂ ತಮ್ಮದೇ ಸರ್ಕಾರದ ಕತ್ತರಿ. ಇಂಥ ನ್ಯಾಯವನ್ನು ನಾನು ನಮ್ಮ ನಾಡಿನ ಕಾರ್ಕ್ ಪಟ್ಟಣದ ನಾಟಕಗಳಲ್ಲೂ ಕಂಡವಳಲ್ಲ. ಅಲ್ಲಿ ಖಳನಾಯಕನಿಗೆ ಕೊನೆಯ ಅಂಕದಲ್ಲಾದರೂ ನಾಚಿಕೆ ಬರುತ್ತಿತ್ತು.

ಹೊನೋರಾ ಹಸಿವಿಗೊಂದು ಕುರಿ ಕದ್ದು ಗಡೀಪಾರಾಗಿ, ಹಾಲು ಕುಡಿಯುವ ಕೂಸಿನೊಂದಿಗೆ ಸಮುದ್ರದಾಚೆಯ ಈ ವಸಾಹತಿಗೆ ಹಡಗು ಹತ್ತಿದವಳು. ಕೂಸು ಸಿಸ್ಲಿಗೆ ಮೂರು ತುಂಬಿದ ದಿನವೇ ಅನಾಥಾಲಯಕ್ಕೆ ಒಯ್ದಿರಿ. ಕೂಗಳತೆಯಲ್ಲಿ ತಾಯಿ ಇರುವ ಅನಾಥೆಯನ್ನು ಸೃಷ್ಟಿಸಿದ ಕೀರ್ತಿ ತಮ್ಮದು. ಈಗ ಅವಳಿಗೆ ಏಳು. ತಿಂಗಳ ಕೊನೆಗೆ ಎಲ್ಲೋ ಒಳನಾಡಿನ ಕುರಿಹಟ್ಟಿಗೆ ಕೆಲಸದವಳಾಗಿ ಕಳಿಸುತ್ತೀರಂತೆ. ಮಗಳು ತಾಯಿಗೆ ಸಿಗಬೇಕಾದರೆ ತಾಯಿಗೊಬ್ಬ ಗಂಡನಿರಬೇಕು. ಮದುವೆಯ ಯೋಗವೋ, ಹೆಂಗಸರ ಕಾರ್ಖಾನೆಯೆಂಬ ಈ ಸೆರೆಮನೆಯಲ್ಲಿ ಒಳ್ಳೆಯ ನಡತೆಯ ಮೊದಲ ದರ್ಜೆಯ ಕೈದಿಗಳಿಗೆ ಮಾತ್ರ. ಹೊನೋರಾಳ ಮಹಾಪರಾಧವೇನು? ಭೇಟಿಯ ದಿನ ಮಗಳನ್ನು ನಮ್ಮ ಐರಿಷ್ ಮಾತಿನಲ್ಲಿ ಮುದ್ದಾಡಿದಳು. ಮೇಟ್ರನ್ ಅಮ್ಮನವರ ಪಾಲಿಗೆ ಅರ್ಥವಾಗದ್ದೆಲ್ಲ ಬೈಗುಳ. ತಲೆ ಬೋಳಿಸಿ ಮೂರನೇ ದರ್ಜೆಗೆ ತಳ್ಳಿದರು.

ಎರಡು ವಾರದ ಹಿಂದಿನ ಸೋಮವಾರ ಕಾರ್ಖಾನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರವಿತ್ತು: ಮೊದಲ ದರ್ಜೆಯವರು ಸಾಲಾಗಿ ನಿಲ್ಲುವುದು, ಹೆಂಡತಿ ಬೇಕಾದವನು ಬಂದು ಆರಿಸುವುದು. ಒಗೆದ ಬಟ್ಟೆ ಕೊಡಲು ಹೋದ ನಾನು ಕಣ್ಣಾರೆ ಕಂಡೆ. ಸಾಲಿನಲ್ಲಿ ನಿಲ್ಲಬೇಕಾದ ಇಬ್ಬರಿಗೆ ಜ್ವರ. ಸಾಲು ಬಡಕಲಾಗಿ ಕಂಡೀತೆಂದು ಮೇಟ್ರನ್ ಅಮ್ಮನವರೇ ಹೊನೋರಾಳ ತಲೆಗೆ ಟೋಪಿ ಕಟ್ಟಿ ನಿಲ್ಲಿಸಿದರು. ಬಂದವನು ಲಾರೆನ್ಸ್ ಟ್ವೋಮಿ, ಶಿಕ್ಷೆ ಮುಗಿಸಿ ಜಮೀನು ಮಾಡಿಕೊಂಡಿರುವ ವಿಧುರ. ಒಬ್ಬೊಬ್ಬರನ್ನೇ ನೋಡುತ್ತ ಇವಳ ಮುಂದೆ ನಿಂತ.

"ಹಾಲು ಕರೆಯೋಕೆ ಬರುತ್ತಾ?"

"ಬರುತ್ತೆ ಯಜಮಾನ್ರೇ. ಒದೆಯೋಕೂ ಬರುತ್ತೆ. ನಂಗೊಂದು ಹೆಣ್ಣುಕರು ಬೇರೆ ಇದೆ, ಬಿಟ್ಟು ಬರೋಳಲ್ಲ."

"ಕಟ್ಕೊಂಡು ಹೋಗೋ ಮಾರಾಯ," ಎಂದಳು ಪಕ್ಕದವಳು. "ಇಲ್ಲಿ ನಮ್ಮ ಕಿವಿಗಾದ್ರೂ ಬಿಡುವು ಸಿಗುತ್ತೆ."

ಟ್ವೋಮಿ ತನ್ನ ಕರವಸ್ತ್ರವನ್ನು ಹೊನೋರಾಳ ಕಾಲ ಬಳಿ ಬೀಳಿಸಿದ. ಹೆಣ್ಣು ಅದನ್ನು ಎತ್ತಿಕೊಂಡರೆ ಒಪ್ಪಿಗೆ, ಅದೇ ಇಲ್ಲಿನ ನಿಶ್ಚಿತಾರ್ಥ. ಅವಳು ಬಗ್ಗಿದಳು. ಟೋಪಿ ಜಾರಿ ಬಿತ್ತು. ಟ್ವೋಮಿ ಆ ಬೋಳುತಲೆಯನ್ನು ನೋಡಿದ, ತನ್ನ ಹ್ಯಾಟನ್ನೂ ತೆಗೆದ.

"ನಂಗೂ ಇಲ್ಲ ಬಿಡು," ಎಂದ.

ಅವನ ಬೋಳು ದೇವರು ಮಾಡಿದ್ದು, ಇವಳದು ಸರ್ಕಾರ ಮಾಡಿದ್ದು. ಗಂಡು ಒಪ್ಪಿದ, ಹೆಣ್ಣು ಒಪ್ಪಿದಳು, ಪಾದ್ರಿಗಳೂ ಒಪ್ಪಿದರು. ಒಲ್ಲೆನೆಂದವರು ತಾವೊಬ್ಬರೇ. ಮದುಮಗ ತಾವೇನೂ ಅಲ್ಲವಲ್ಲ, ಸ್ವಾಮಿ?

ಮೊನ್ನೆ ಭಾನುವಾರ ಹೊನೋರಾಳ ಜೊತೆ ಅನಾಥಾಲಯಕ್ಕೆ ನಾನೂ ಹೋಗಿದ್ದೆ. ಈ ಬಾರಿ ಅವಳು ನಿಯಮದಂತೆ ಇಂಗ್ಲಿಷಿನಲ್ಲೇ ಮಗಳನ್ನು ಕರೆದಳು. ಸಿಸ್ಲಿ ಬೇಲಿಯಿಂದ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕಡೆ ತಿರುಗಿದಳು.

"ಇವಳಲ್ಲ. ನಮ್ಮಮ್ಮಂಗೆ ಜಡೆ ಇದೆ."

ಕಾರ್ಖಾನೆಯಲ್ಲಿ ಯಾರಿಗೂ ಮಾತಿನಲ್ಲಿ ಸೋಲದ ಹೊನೋರಾ ಟೋಪಿಯನ್ನು ಕಿವಿ ಮುಚ್ಚುವಂತೆ ಕೆಳಗೆಳೆದುಕೊಂಡಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ತಿಂಗಳು ಮುಗಿಯುವ ಮುನ್ನ ಆ ಅರ್ಜಿಗೆ ರುಜು ಹಾಕಿ. ಆಗದೆಂದರೆ, ಒಬ್ಬ ಹೆಂಗಸು ತಾಯಿಯಾಗಲು ಎಷ್ಟು ಅಂಗುಲ ಕೂದಲು ಬೇಕೆಂದು ಪತ್ರಿಕೆಯಲ್ಲಿ ಪ್ರಕಟಿಸಿ. ನಾನೇ ಅಳತೆಕೋಲು ಹಿಡಿದು ಬರುತ್ತೇನೆ. ಕೂದಲೇನೋ ಬೆಳೆಯುತ್ತದೆ, ಅದಕ್ಕೆ ತಮ್ಮ ಅನುಮತಿ ಬೇಕಿಲ್ಲ. ಆದರೆ ಅಷ್ಟರಲ್ಲಿ ಸಿಸ್ಲಿಯೂ ಬೆಳೆದುಬಿಡುತ್ತಾಳೆ.

ಇಂತಿ,
ಶಿಕ್ಷೆ ಮುಗಿದ ಮೇಲೂ ತಮ್ಮ ಕಾಲರುಗಳಿಗೆ ಗಂಜಿ ಹಾಕುತ್ತಿರುವ
ಅಗಸಗಿತ್ತಿ ಜೋಹಾನಾ ಕ್ರಿಮಿನ್