ಸಾಲಿನ ಕೊನೆಯ ಮಾವು

ಕಾಣಿಯೂರು
ಜನವರಿ 23, ಶುಕ್ರವಾರ

ಕೌಸಲ್ಯಾ,

ನಿನಗೂ ನಿನ್ನ ಗಂಡನಿಗೂ ಅಮ್ಮನ ಆಶೀರ್ವಾದ. ಕೂತು ಓದು. ಒಲೆಯ ಮೇಲೆ ಹಾಲಿಟ್ಟು ಓದಬೇಡ.

ಫೋನು ಇರುವಾಗ ಕಾಗದ ಯಾಕೆ ಅನ್ನುತ್ತೀ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ "ಅಮ್ಮಾ, ಮತ್ತೆ ಮಾಡ್ತೇನೆ" ಅಂತ ಇಟ್ಟುಬಿಡುತ್ತೀ. ಕಾಗದದ ಬಾಯಿ ಮುಚ್ಚಲಿಕ್ಕೆ ಆಗುವುದಿಲ್ಲ. ನಾಲ್ಕನೆಯ ಕ್ಲಾಸಿನ ಅಕ್ಷರ, ತಪ್ಪಿದ್ದಲ್ಲಿ ತಿದ್ದಿಕೊ. ನಾಳೆ ನಿನ್ನ ಮಗಳು ಚಿನ್ಮಯೀ ನಿಮ್ಮ ಬೆಟ್ಟಂಪಾಡಿಗೆ ಬರುತ್ತಾಳಲ್ಲ, ಅವಳ ಕೈಯಲ್ಲೇ ಕೊಡುತ್ತೇನೆ. ಹಗಲು ಕಡಬದ ಶಾಲೆಯಲ್ಲಿ ಮಕ್ಕಳಿಗೆ ಪಾಠ, ಸಂಜೆ ಇಲ್ಲಿ ನನ್ನ ಬೈಗಳು. ಪಾಪ, ಎರಡು ದಿನ ಅಲ್ಲಿ ಮಲಗಲಿ.

ನಿನ್ನೆ ಮರದ ವ್ಯಾಪಾರದ ಹಕೀಮ್ ಟೇಪು ಹಿಡಿದು ಬಂದ. ನಿನ್ನ ಗಂಡ ಕಳಿಸಿದ್ದಂತೆ. ಗುಡ್ಡೆಯಲ್ಲಿ ನಿನ್ನ ಅಪ್ಪ ನೆಟ್ಟ ಮರಗಳನ್ನೆಲ್ಲ ಕಡಿದು, ಜೆಸಿಬಿಯಲ್ಲಿ ನೆಲ ಸಮ ಮಾಡಿ, ಅಡಿಕೆ ಇಡುವುದಂತೆ. ಈ ಸುದ್ದಿ ನನಗೆ ಹಕೀಮನ ಬಾಯಿಂದ ಗೊತ್ತಾಗಬೇಕಾ?

"ನನ್ನ ಮೇಲೆ ಕೋಪ ಮಾಡ್ಬೇಡಿ ಅಮ್ಮ. ನಿಮ್ಮ ಅಳಿಯ ಕೃಷ್ಣಮೋಹನ ಭಟ್ರು ಹೇಳಿದ್ರು, ನಾನು ಬಂದೆ. ಮುರಳಿಕೃಷ್ಣ ಇಂಜಿನಿಯರ್ರು ನೆಟ್ಟ ಮರ ಅಂತ ನನಗೂ ಗೊತ್ತುಂಟು" ಅಂದ.

"ನಿನ್ನ ಮೇಲೆ ಎಂತ ಕೋಪ ಮಾರಾಯ. ಕೋಪಕ್ಕೆ ಬೆಟ್ಟಂಪಾಡಿಗೆ ಹೋಗ್ಲಿಕ್ಕುಂಟು. ನೀನು ಮಜ್ಜಿಗೆ ಕುಡಿ" ಅಂದೆ. ಕುಡಿದು ಹೋದ. ಟೇಪು ಬಿಚ್ಚಲಿಕ್ಕೆ ಬಿಡಲಿಲ್ಲ.

ಜೀವಮಾನವಿಡೀ ಕರೆಂಟಿನ ಲೈನು ಎಳೆಸಿದ ಮನುಷ್ಯ ನಿನ್ನ ಅಪ್ಪ. ಆ ಲೈನಿಗೆ ಅಡ್ಡ ಬಂತು ಅಂತ ಎಷ್ಟು ಮರ ಕಡಿಸಿದ್ದರೋ. ನಿವೃತ್ತಿಯಾಗಿ ಬಂದವರೇ ಆ ಮುಳಿಹುಲ್ಲಿನ ಗುಡ್ಡೆಗೆ ಹಗ್ಗ ಹಿಡಿದು ಹಲಸು, ಹೆಬ್ಬಲಸು, ಬೀಟೆ, ನಾಗಸಂಪಿಗೆ ನೆಟ್ಟರು. ಸಾಲಿಗೆ ಎಂಟೇ ಮರ. ಯಾಕೆ ಅಂದರೆ "ಆದಿತಾಳಕ್ಕೆ ಎಂಟೇ ಪೆಟ್ಟು" ಅಂದರು. "ಹಲಸಿಗೆ ತಾಳ ಗೊತ್ತುಂಟಾ?" ಅಂತ ಕೇಳಿದೆ. "ನಿನಗಿಂತ ಹೆಚ್ಚು ಗೊತ್ತುಂಟು" ಅಂದರು. ಸಂಜೆಯಾದರೆ ಅಲ್ಲೇ ಕೂತು ಕೊಳಲು. ಕೊಳಲಿನ ಸ್ವರಕ್ಕೆ ಕಾಡುಹಂದಿ ಹತ್ತಿರ ಬರುವುದಿಲ್ಲ ಅಂತ ನಂಬಿಕೊಂಡಿದ್ದರು. ಹಂದಿ ಬರುತ್ತಿತ್ತು. ಪಕ್ಕದಲ್ಲಿದ್ದ ನನ್ನ ಮರಗೆಣಸು ತಿಂದು, ಕಚೇರಿಯನ್ನೂ ಕೇಳಿಕೊಂಡು ಹೋಗುತ್ತಿತ್ತು.

ಕೊನೆಯ ಸಾಲಿನ ಕೊನೆಗೆ ಒಂದು ಕಾಟುಮಾವು ನೆಟ್ಟದ್ದು ನಿನಗೆ ನೆನಪಿರಬೇಕು. ನಮ್ಮಲ್ಲಿ ಚಿತೆಗೆ ಮಾವೇ ಆಗಬೇಕಲ್ಲ. "ಇದು ನನ್ನದು. ನಾನು ಹೋದ ದಿನ ಬೇರೆ ಯಾವ ಮಾವಿಗೂ ಕೈ ಹಾಕಬೇಡಿ" ಅಂತ ನಿಮ್ಮೆಲ್ಲರ ಎದುರೇ ಹೇಳಿದ್ದರು.

ಕಳೆದ ವರ್ಷ ಆ ದಿನ ಎಂತಾಯಿತು? ಕೊಡಲಿ ಹಿಡಿದು ನಿಂತವರು ಯಾವ ಮಾವು ಅಂತ ಕೇಳಿದರೆ, "ಗುಡ್ಡೆ ಹತ್ತುದು ಯಾರು, ಬಾವಿಕಟ್ಟೆಯದ್ದೇ ಸಾಕು" ಅಂದರು ನಿನ್ನ ಗಂಡ. ನಾನು ಒಳಗೆ ಅವರ ತಲೆಯ ಹತ್ತಿರ ಕೂತಿದ್ದೆ. ಕೊಡಲಿಯ ಸದ್ದು ಬಾವಿಯ ಕಡೆಯಿಂದ ಅಂತ ಗೊತ್ತಾಯಿತು. ಅಂಥ ಹೊತ್ತಿನಲ್ಲಿ ಅದು ನನ್ನ ಉಪ್ಪಿನಕಾಯಿಯ ಮರ ಅಂತ ಕೂಗಿದರೆ ಊರು ಎಂತ ಹೇಳೀತು? ನನ್ನ ಅತ್ತೆಯ ಕಾಲದ ಮರ, ಮಿಡಿ ಕಚ್ಚಿ ನಿಂತಿತ್ತು. ಒಂದು ದಿನವಾದರೂ ನನ್ನ ಮಿಡಿ ಉಪ್ಪಿನಕಾಯಿ ಲಾಯ್ಕುಂಟು ಅನ್ನದ ಮನುಷ್ಯ ಅದೇ ಮರದ ಮೇಲೆ ಮಲಗಿ ಹೋದರು.

ಇಷ್ಟರವರೆಗೆ ಇದನ್ನು ಯಾರಲ್ಲೂ ಹೇಳಲಿಲ್ಲ. ಕೇಳದೆ ಕಡಿಯುವುದು ಒಂದು ಸಲ ಆಯಿತು. ಇನ್ನೊಂದು ಸಲ ಆಗುವುದಿಲ್ಲ.

ಅಡಿಕೆಯಂತೆ. ಇದ್ದ ತೋಟಕ್ಕೆ ಎಲೆಚುಕ್ಕಿ ಬಂದಿದೆ, ಮದ್ದು ಹೊಡೆದು ಹೊಡೆದು ಸಾಕಾಯಿತು ಅಂತ ದೀಪಾವಳಿಗೆ ಬಂದಾಗ ಗೋಳು ಹೇಳಿದವರು ಇವರೇ ಅಲ್ಲವಾ? ಆ ರೋಗಕ್ಕೆ ಇಲ್ಲಿಯೂ ಒಂದು ಬಿಡಾರ ಮಾಡಿಕೊಡುವುದಾ? ಜಾಗ ನನ್ನ ಹೆಸರಿನಲ್ಲುಂಟು. ನಾನಿರುವವರೆಗೆ ಆ ಗುಡ್ಡೆಗೆ ಕೊಡಲಿ ಹತ್ತುವುದಿಲ್ಲ. ನನ್ನ ನಂತರಕ್ಕೆ ಚಿನ್ಮಯೀಯನ್ನು ತಯಾರು ಮಾಡುತ್ತಿದ್ದೇನೆ. ಎಂಎಸ್ಸಿ ಓದಿದವಳಿಗೆ ಹಲಸು ಯಾವುದು, ಹೆಬ್ಬಲಸು ಯಾವುದು ಅಂತ ಮೊನ್ನೆಯಷ್ಟೇ ಗೊತ್ತಾಯಿತು.

ಇನ್ನೊಂದು. ವರ್ಷಾಂತಿಕ ಶ್ರಾದ್ಧದ ಮರುದಿನ ಅಪ್ಪನ ಹತ್ತಿರ ಕೊಳಲು ಕಲಿತ ಶಿಷ್ಯರು ಬಂದು ಆ ಮರಗಳ ನಡುವೆ ಕೂತು ನುಡಿಸುತ್ತಾರೆ. ನಾನೇ ಕರೆದದ್ದು. ಅವರಿಗೆ ಕೂರಲಿಕ್ಕೆ ಚಾಪೆಗಳನ್ನು ನಿನ್ನ ಗಂಡನೇ ಹೊತ್ತುಕೊಂಡು ಹೋಗಬೇಕು. ಆ ದಿನ ಹತ್ತದ ಗುಡ್ಡೆಯನ್ನು ಈ ಸಲ ಹತ್ತಲಿ.

ಕಾಗದವನ್ನು ಅವರಿಗೂ ಓದಿ ಹೇಳು. ಖಾರ ಇದ್ದಲ್ಲಿ ಹಾರಿಸಬೇಡ.

ಇಂತಿ,
ಬಾಯಿ ಜೋರಿನ ನಿನ್ನ ಅಮ್ಮ
ಶಂಕರಿ

ಬಿಟ್ಟುಹೋದದ್ದು: ಹಕೀಮನಿಗೆ ಟೇಪು ಬಿಚ್ಚಲಿಕ್ಕೆ ಬಿಡಲಿಲ್ಲ ಅಂತ ಬರೆದದ್ದು ಪೂರ್ತಿ ನಿಜವಲ್ಲ. ಗುಡ್ಡೆಗೆ ಕರೆದುಕೊಂಡು ಹೋಗಿ ಅಪ್ಪನ ಆ ಮಾವಿಗೆ ಮಾತ್ರ ಹಿಡಿಸಿದೆ. "ನಾನು ಹೋದ ದಿನ ಇದು ನನಗೆ ಸಾಕಾದೀತಾ?" ಅಂತ ಕೇಳಿದೆ. ಅವನು ಕಾಂಡಕ್ಕೆ ಇನ್ನೊಮ್ಮೆ ಟೇಪು ಸುತ್ತಿ ನೋಡಿದ. ಮತ್ತೆ, "ಸಾಲದು ಅಮ್ಮ. ನೆರಳಿನಲ್ಲಿ ನೆಟ್ಟದ್ದಲ್ವಾ, ದಪ್ಪ ಆಗ್ಲಿಲ್ಲ. ಇನ್ನೂ ಹತ್ತು ವರ್ಷ ಬೇಕು" ಅಂದ. ಇಂಜಿನಿಯರ್ರ ಲೆಕ್ಕ ಅಷ್ಟೇ. ಇರಲಿ, ಕಾಯುತ್ತೇನೆ. ಈ ವರ್ಷ ಅದು ಮೊದಲ ಸಲ ಹೂ ಬಿಟ್ಟಿದೆ. ಮಿಡಿಗೆ ಭರಣಿ ತೊಳೆದು ಬಿಸಿಲಿಗಿಟ್ಟಿದ್ದೇನೆ.