ಹದಿನಾಲ್ಕನೇ ನಂಬರಿನ ಜೆರ್ಸಿ

ಮನೆಯಿಂದ,
ಹದಿನೆಂಟನೇ ತಾರೀಕು, ಗುರುವಾರ ಬೆಳಿಗ್ಗೆ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೇ? ನೆಗಡಿ ಬಿಟ್ಟಿತಾ? ಪುಸ್ತಕ ಬರೆದು ಮುಗಿಸುವ ತನಕ ಹೊತ್ತಿಗೆ ಸರಿಯಾಗಿ ಊಟ ಮಾಡುವುದಿಲ್ಲ ಅಂತ ಕೂತಿದ್ದೀಯಂತೆ, ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಊಟ ಬಿಟ್ಟರೆ ಕಣ್ಣು ಒಳಕ್ಕೆ ಹೋಗುತ್ತದೆಯೇ ಹೊರತು ಇತಿಹಾಸವೇನೂ ಬೇಗ ಮುಗಿಯುವುದಿಲ್ಲ ಕಣೇ. ನನಗೆ ಮಂಡಿನೋವು ಒಂದು ಬಿಟ್ಟರೆ ಸುಖ. ನಿಮ್ಮ ತಾತ ಗುಂಡುಕಲ್ಲಿನ ಹಾಗಿದ್ದಾರೆ. ಈಗ ಹಿತ್ತಲಲ್ಲಿ ನಲ್ಲಿ ರಿಪೇರಿ ಮಾಡುತ್ತಿದ್ದಾರೆ, ಅಂದರೆ ನಾಳೆ ಪ್ಲಂಬರನ್ನು ಕರೆಸಬೇಕು. ಅವರು ಒಳಗೆ ಬರುವಷ್ಟರಲ್ಲಿ ಇದನ್ನು ಬರೆದು ಮುಗಿಸುತ್ತೇನೆ.

ಅಚ್ಚಿಗೆ ಹೋಗುವ ಮೊದಲು ಓದಿ ಅಂತ ನೀನು ಕಳಿಸಿದ ಹಾಳೆಗಳನ್ನೆಲ್ಲ ಓದಿದೆ. ನಮ್ಮ ಮದುವೆಯ ಹಿಂದಿನ ವರ್ಷ ಈ ಊರಲ್ಲಿ ಎಂಟು ದೇಶಗಳ ಫುಟ್‌ಬಾಲ್ ಪಂದ್ಯಾವಳಿ ನಡೆದಾಗ ನೀನಿರಲಿ, ನಿಮ್ಮಮ್ಮನೂ ಹುಟ್ಟಿರಲಿಲ್ಲ. ಆದರೂ ಎಷ್ಟು ಚೆನ್ನಾಗಿ ಬರೆದಿದ್ದೀಯ! ಬ್ಯಾಂಡಿನವರು ಒಂದು ದೇಶಕ್ಕೆ ಇನ್ನೊಂದು ದೇಶದ ರಾಷ್ಟ್ರಗೀತೆ ಬಾರಿಸಿದ್ದು, ಆ ತಂಡದವರು ಪಾಪ ಮರ್ಯಾದೆಯಿಂದ ಕೊನೆಯವರೆಗೂ ನೆಟ್ಟಗೆ ನಿಂತಿದ್ದದ್ದು ಓದಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅದು ಎರಡು ಸಲ ಆಯಿತು ಕಣೇ, ಒಂದೇ ಸಲ ಅಂತ ಬರೆದಿದ್ದೀಯ, ತಿದ್ದಿಕೋ. ಆಮೇಲೆ ಒಂಬತ್ತನೇ ಅಧ್ಯಾಯಕ್ಕೆ ಬಂದೆ. "ಚಿಲಕ ಹಾಕಿಕೊಂಡ ಆಟಗಾರ" ಅಂತ ಹೆಸರು ಬೇರೆ. ಅಲ್ಲಿಗೆ ನನ್ನ ನಗು ನಿಂತುಹೋಯಿತು.

ಫೈನಲ್ ಪಂದ್ಯ, ಎರಡೂ ಕಡೆ ಒಂದೊಂದು ಗೋಲು, ಇನ್ನು ಹತ್ತೇ ನಿಮಿಷ. ನಮ್ಮ ತಂಡದ ಮುಂದಿನ ಸಾಲಿನವನೊಬ್ಬ ಕಾಲು ಮುರಿದುಕೊಂಡ. ಉಳಿದಿದ್ದ ಬದಲಿ ಆಟಗಾರ ಒಬ್ಬನೇ, ಹದಿನಾಲ್ಕನೇ ನಂಬರಿನವನು. ಕೋಚ್ ಕೂಗಿದರೆ ಆಸಾಮಿ ಬೆಂಚಿನ ಮೇಲಿಲ್ಲ! ಬಚ್ಚಲುಮನೆಯೊಳಗೆ ಚಿಲಕ ಹಾಕಿಕೊಂಡು "ಹೊಟ್ಟೆ ಸರಿಯಿಲ್ಲ" ಅಂತ ಒಳಗಿನಿಂದಲೇ ಕೂಗಿದ. ಹತ್ತು ಜನ ಆಡಿ ಕೊನೆ ನಿಮಿಷದಲ್ಲಿ ಸೋತರು. ಊರಿಗೆ ಊರೇ ಅವನನ್ನು ಬಚ್ಚಲುವೀರ ಅಂತ ಕರೆಯಿತು. ಅವನಿಗೆ ಹೆದರಿಕೆಯಾಗಿತ್ತು, ಅಷ್ಟೇ ಅಂತ ನೀನೂ ಬರೆದುಬಿಟ್ಟಿದ್ದೀಯ. ಆ ಹದಿನಾಲ್ಕನೇ ನಂಬರು ನಿನ್ನ ಸ್ವಂತ ತಾತ ಕಣೇ! ಇತಿಹಾಸ ಬರೆಯುವಾಗ ಸಂಬಂಧ ನೋಡಬಾರದು ಅಂತ ನೀನು ಹೇಳುತ್ತೀ, ಸರಿ. ಆದರೆ ವಿಷಯವೇ ತಪ್ಪಾಗಿದ್ದರೆ? ಸೋಮವಾರ ಅಚ್ಚಿಗೆ ಹೋಗುತ್ತದಂತೆ. ಒಮ್ಮೆ ಅಚ್ಚಾದರೆ ಅವರು ಸಾಯುವವರೆಗೂ, ಸತ್ತ ಮೇಲೂ ಬಚ್ಚಲುವೀರನೇ. ಅದಕ್ಕೇ ಇಷ್ಟು ವರ್ಷ ತುಟಿ ಪಿಟಕ್ಕೆನ್ನದ ನಾನು ಈಗ ಬಾಯಿಬಿಡುತ್ತಿದ್ದೇನೆ.

ನಾನು ಆಗ ಕ್ರೀಡಾಂಗಣದ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದೆ ಅಂತ ನಿನಗೆ ಗೊತ್ತು. ಪ್ರೇಕ್ಷಕರು ಕೂರುವ ಮೆಟ್ಟಿಲುಗಳ ಕೆಳಗೆ ಆ ಕೋಣೆ, ಅದಕ್ಕೊಂದು ಚಿಕ್ಕ ಕಿಟಕಿ. ಫೈನಲ್ ದಿನ ಬೆಳಿಗ್ಗೆ ಜೆರ್ಸಿಗಳಿಗೆ ಇಸ್ತ್ರಿ ಹಾಕುತ್ತಿದ್ದವಳು ಅಭ್ಯಾಸ ನೋಡೋಣ ಅಂತ ಕಿಟಕಿಗೆ ಹೋದೆ. ಯಾರನ್ನು ನೋಡುತ್ತಿದ್ದೆ ಅಂತ ಕೇಳಬೇಡ. ಸುಟ್ಟ ವಾಸನೆ ಬಂದಾಗಲೇ ಎಚ್ಚರ. ಓಡಿ ಬಂದರೆ ಇಸ್ತ್ರಿ ಪೆಟ್ಟಿಗೆ ಕ್ಯಾಪ್ಟನ್ನಿನ ಜೆರ್ಸಿಯ ಮೇಲೇ ಕೂತಿದೆ! ಎದೆಯ ಹತ್ತಿರ ಮುಷ್ಟಿ ತೂರುವಷ್ಟು ತೂತು. ಆಗೆಲ್ಲ ಒಬ್ಬೊಬ್ಬರಿಗೆ ಒಂದೇ ಜೆರ್ಸಿ. ಗೊತ್ತಾದರೆ ಕೆಲಸ ಹೋಗುತ್ತದೆ, ಮನೆಯಲ್ಲಿ ನನ್ನ ಸಂಬಳ ನಂಬಿದವರು ಐದು ಜನ. ಇಡೀ ಪಂದ್ಯಾವಳಿಯಲ್ಲಿ ಒಂದು ನಿಮಿಷವೂ ಆಡದವನು ಯಾರು ಅಂತ ಯೋಚಿಸಿದೆ. ಹದಿನಾಲ್ಕನೇ ನಂಬರು! ಅವನ ಜೆರ್ಸಿಯ ನಂಬರು ಬಿಚ್ಚಿ ಕ್ಯಾಪ್ಟನ್ನಿನ ಏಳನೇ ನಂಬರು ಹೊಲಿಯತೊಡಗಿದೆ.

ಹೊಲಿಗೆ ಇನ್ನೂ ಅರ್ಧದಲ್ಲಿತ್ತು, ನಿಮ್ಮ ತಾತ ಒಳಗೆ ಬಂದರು. ಸುಟ್ಟ ಜೆರ್ಸಿ ನೋಡಿದರು, ನನ್ನ ಕೈಯಲ್ಲಿದ್ದ ತಮ್ಮ ಜೆರ್ಸಿ ನೋಡಿದರು. ನಾನು ಗೋಳೋ ಅಂತ ಅತ್ತೆ. ಅವರು ಬೈಯಲಿಲ್ಲ ಕಣೇ. "ಅಳಬೇಡಿ, ನನ್ನನ್ನು ಯಾರು ಆಡಿಸ್ತಾರೆ? ಬೆಂಚಲ್ಲಿ ಕೂರೋಕೆ ಜೆರ್ಸಿ ಯಾಕೆ?" ಅಂದು ಬನಿಯನ್ನಿನ ಮೇಲೆ ಸ್ವೆಟರ್ ಎಳೆದುಕೊಂಡು ಹೋದರು. ಮಧ್ಯಾಹ್ನ ಕೋಚ್ ಕರೆದಾಗ ಜೆರ್ಸಿ ಎಲ್ಲಿ ಅಂತ ಕೇಳಿದರೆ ನನ್ನ ಹೆಸರು ಹೇಳಬೇಕಾಗುತ್ತಿತ್ತು. ಅದಕ್ಕೇ ಚಿಲಕ ಹಾಕಿಕೊಂಡರು. ಊರೆಲ್ಲ ಉಗಿದರೂ ಒಂದು ಮಾತು ಆಡಲಿಲ್ಲ. ಇಂಥವರನ್ನು ಬಿಟ್ಟರೆ ನನಗೆ ಬೇರೆ ಯಾರು ಸಿಗಬೇಕು ಅಂತ ಮಾರನೇ ವರ್ಷ ನಾನೇ ಹೋಗಿ ಮದುವೆಯ ಮಾತೆತ್ತಿದೆ. ಆಮೇಲೆ ಎಷ್ಟೋ ಸಲ ಎಲ್ಲರೆದುರು ನಿಜ ಹೇಳುತ್ತೇನೆ ಅಂದೆ. "ಆ ಮಾತೇ ಎತ್ತಬೇಡ" ಅಂತ ಮುಖ ಕೆಂಪಗೆ ಮಾಡಿಕೊಂಡು ಎದ್ದುಹೋಗುತ್ತಾರೆ. ಅಷ್ಟು ಸಂಕೋಚದ ಮನುಷ್ಯ.

ಈಗ ನೀನು ಆ ಅಧ್ಯಾಯ ತಿದ್ದಬೇಕು. ತಪ್ಪು ಮಾಡಿದವಳು ಇಸ್ತ್ರಿ ಹಾಕುವವಳು ಅಂತ ಧಾರಾಳವಾಗಿ ಬರಿ, ನಿಮ್ಮಜ್ಜಿ ಅಂತಲೂ ಬರಿ. ನನಗೆ ನಾಚಿಕೆಯಿಲ್ಲ, ಇದ್ದದ್ದೆಲ್ಲ ಆ ದಿನವೇ ಖರ್ಚಾಯಿತು. ಲಕೋಟೆಗೆ ಗೋಂದು ಹಚ್ಚಿ ಅಂಟಿಸುತ್ತೇನೆ. ಅಂಚೆಗೆ ಹಾಕುವವರು ತಾತನೇ, ನನ್ನ ಮಂಡಿಗೆ ಅಷ್ಟು ದೂರ ಆಗದು. ಒಳಗೇನಿದೆ ಅಂತ ಅವರಿಗೆ ಗೊತ್ತಿಲ್ಲ, ನೀನೂ ಹೇಳಬೇಡ. ನೂರು ಕಾಲ ಚೆನ್ನಾಗಿರು ನನ್ನ ಕಂದ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ
ಅಜ್ಜಿ

ತಾ.ಕ.: ಗುಬ್ಬೀ, ಇದು ತಾತ. ಗೋಂದು ಇನ್ನೂ ಹಸಿಯಿತ್ತು, ಬಿಚ್ಚಿದೆ, ಓದಿದೆ. ಅಂಚೆ ಕಚೇರಿಯಲ್ಲಿ ನಿಂತು ಬರೀತಿದ್ದೀನಿ. ಪೆನ್ನನ್ನು ಗಿಡ್ಡ ದಾರದಲ್ಲಿ ಕಟ್ಟಿದ್ದಾರೆ, ಹಿಂದೆ ನಿಂತವರು ಗೊಣಗುತ್ತಿದ್ದಾರೆ, ಅಕ್ಷರ ಸೊಟ್ಟಗಿದ್ದರೆ ಬೈಬೇಡ. ನೀನು ಬರೆದದ್ದೇ ಸರಿ ಕಣಮ್ಮ. ಅವತ್ತು ಬೆಳಗಿಂದ ಎಲ್ಲಿ ನನ್ನನ್ನು ಆಡಿಸಿಬಿಡ್ತಾರೋ ಅಂತ ವಿಪರೀತ ಹೆದರಿಕೆ. ಇಸ್ತ್ರಿ ಕೋಣೆಗೆ ನಾನು ಹೋದದ್ದೇ ನನ್ನ ಜೆರ್ಸಿಯನ್ನು ಎಲ್ಲಾದರೂ ಬಚ್ಚಿಡೋಣ ಅಂತ. ಹೋಗಿ ನೋಡಿದರೆ ಆ ಕೆಲಸ ಆಗಲೇ ಆಗಿಹೋಗಿತ್ತು! ನಿಮ್ಮಜ್ಜಿ ಅಳುತ್ತಿದ್ದಳು, ನನಗೆ ಕುಣಿಯೋ ಹಾಗಾಗಿತ್ತು. ಕೋಚ್ ಬೇರೆ ಯಾರದ್ದಾದರೂ ಜೆರ್ಸಿ ತೊಡಿಸಿಬಿಟ್ಟರೆ ಅಂತ ಚಿಲಕ ಹಾಕಿಕೊಂಡದ್ದು. ಮದುವೆ ಆದಾಗಿನಿಂದ ಹೇಳಬೇಕು ಹೇಳಬೇಕು ಅಂತ ಬಾಯಿ ತೆಗೀತೀನಿ, ಅವಳು ನೋಡೋ ನೋಟ ನೋಡಿ ಮುಚ್ಚಿಬಿಡ್ತೀನಿ. ಪುಸ್ತಕದಲ್ಲಿ ಒಂದಕ್ಷರ ತಿದ್ದಬೇಡ, ಹೆದರಿದ್ದ ಅಂತಲೇ ಇರಲಿ. ತಾತನೇ ತಿದ್ದಬೇಡ ಅಂದರು ಅಂತ ಅಜ್ಜಿಗೆ ಬರಿ. ಅವಳು ಅದನ್ನೂ ನನ್ನ ದೊಡ್ಡತನ ಅಂದುಕೊಳ್ಳುತ್ತಾಳೆ. ಅಂದುಕೊಳ್ಳಲಿ ಬಿಡು, ನನಗೆ ಅಷ್ಟಾದರೂ ಇರಲಿ.