ಮೂರು ನೂಲಿನ ಆಕ್ಸಲ್

ನ್ಯಾಮತಿ
ಭಾನುವಾರ, ೧೪-೬-೧೯೮೭

ಜಗಳೂರಿನಲ್ಲಿರುವ ನಮ್ಮ ಮನೆಯವರಿಗೆ ಕಲ್ಲಮ್ಮನ ನಮಸ್ಕಾರಗಳು.

ಇಲ್ಲಿ ನಾನೂ ಮಕ್ಕಳೂ ಚೆನ್ನಾಗಿದ್ದೇವೆ. ಒಂದು ವರ್ಷದಿಂದ ಕಾಗದ ಹಾಕದವರನ್ನು ಕ್ಷೇಮವೇ ಎಂದು ನಾನು ಕೇಳುವುದಿಲ್ಲ. ನೀವು ಬಿಟ್ಟುಹೋದ ಸೈಕಲ್ ಅಂಗಡಿಯ ಒಂದು ವಿಷಯ ಕೇಳಬೇಕಿದೆ, ಅಷ್ಟಕ್ಕೇ ಬರೆಯುತ್ತಿದ್ದೇನೆ.

ಬಿಎಂಎಕ್ಸ್ ಎಂಬ ಗಿಡ್ಡ ಸೈಕಲ್ಲಿನ ಮುಂದಿನ ಚಕ್ರಕ್ಕೆ ಎಷ್ಟು ದಪ್ಪದ ಆಕ್ಸಲ್ ಹಾಕಬೇಕು? ಎರಡೂವರೆ ನೂಲಿನದೋ, ಮೂರು ನೂಲಿನದೋ? ಶಂಕ್ರಮ್ಮನವರ ಮೊಮ್ಮಗಳು ಸುವರ್ಣಳಿಗೆ ಅವಳ ಸೋದರಮಾವ ಬೊಂಬಾಯಿಯಿಂದ ಅಂಥ ಸೈಕಲ್ ತಂದುಕೊಟ್ಟಿದ್ದಾರೆ. ಹನ್ನೊಂದು ವರ್ಷದ ಹುಡುಗಿ, ಕಾಲುವೆ ಏರಿಯ ಮೇಲಿಂದ ಅದನ್ನು ಹಾರಿಸುತ್ತಾಳೆ. ಹಾರಿಸಿ ಹಾರಿಸಿ ಮುಂದಿನ ಆಕ್ಸಲ್ ಬಗ್ಗಿತ್ತು. ಶಂಕ್ರಮ್ಮನವರು, “ದಪ್ಪಂದು ಹಾಕೇ ಕಲ್ಲಮ್ಮ, ಇನ್ನೊಂದ್ಸಲ ಬಗ್ಗಬಾರ್ದು” ಅಂದರು.

ಕೇಳುವುದೇನು ಬಂತು, ಹಾಕಿಯಾಯಿತು. ಹಿಂದಿನ ಚಕ್ರಕ್ಕೆ ಹಾಕುವಂಥ ಮೂರು ನೂಲಿನ ಆಕ್ಸಲ್ಲನ್ನೂ ಅದಕ್ಕೆ ಹೊಂದುವ, ಚಕ್ರದ ನಡುವಿನ ಹಬ್ ಅನ್ನೂ ದಾವಣಗೆರೆಯಿಂದ ತರಿಸಿದೆ. ಆದರೆ ಫೋರ್ಕಿನ ತುದಿಯ ಸೀಳಿನೊಳಗೆ ಅದು ಕೂರಲಿಲ್ಲ. ಆ ಸೀಳು ಎರಡೂವರೆ ನೂಲಿನದು. ಆಗುವುದಿಲ್ಲ ಎಂದರೆ “ಹೆಂಗಸ್ರ ರಿಪೇರಿ ಇಷ್ಟೇ ಬಿಡು” ಅನ್ನುತ್ತಾರೆಂದು ಅರ ತೆಗೆದುಕೊಂಡು ಎರಡೂ ಕಡೆ ಸೀಳನ್ನು ತಿಕ್ಕಿ ಅಗಲ ಮಾಡಿದೆ. ನಟ್ಟು ಬಿಗಿಯಾಗಿ ಕೂತಿತು. ನಿನ್ನೆ ಜಂಬದಿಂದಲೇ ಕೊಟ್ಟು ಕಳಿಸಿದೆ.

ಇವತ್ತು ಬೆಳಗ್ಗೆ ಅಂಗಡಿ ಗುಡಿಸುವಾಗ ಒಂದು ಚಮಚದಷ್ಟು ಕಬ್ಬಿಣದ ಪುಡಿ ಬಂತು. ಅಷ್ಟೂ ಆ ಫೋರ್ಕಿನಿಂದ ಹೋದದ್ದು. ಚಕ್ರ ಹಿಡಿದುಕೊಂಡಿರುವ ತುದಿ ಈಗ ಎಷ್ಟು ತೆಳ್ಳಗಾಗಿದೆಯೋ! ಏರಿಯಿಂದ ಹಾರಿ ಇಳಿದಾಗ ಅದು ಮುರಿದರೆ ಹುಡುಗಿ ಮುಖ ಅಡಿಯಾಗಿ ಕಲ್ಲಿನ ಮೇಲೆ. ಸುವರ್ಣ ಬಸವಾಪಟ್ಟಣಕ್ಕೆ ನೆಂಟರ ಮನೆಗೆ ಹೋಗಿದ್ದಾಳೆ. ನಾಲ್ಕು ಗಂಟೆಯ ಬಸ್ಸಿಗೆ ಬಂದವಳೇ ಸೈಕಲ್ ಹತ್ತುತ್ತಾಳೆ. ಅವರ ಬಾಗಿಲ ತನಕ ಎರಡು ಸಲ ಹೋದೆ. ಮೊದಲ ಸಲ ಮಜ್ಜಿಗೆ ಕೇಳಿ ಇಸಿದುಕೊಂಡು ಬಂದೆ, ಎರಡನೇ ಸಲ ಅದೂ ಇಲ್ಲ.

ಹೇಳಿದರೆ ಅಂಗಡಿಗೆ ಇನ್ನು ಯಾರು ಬರುತ್ತಾರೆ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಕ್ಕಳ ಅನ್ನ ಅದರಲ್ಲೇ ಇದೆ. ಈ ಕಾಗದ ನಿಮಗೆ ಮುಟ್ಟುವಷ್ಟರಲ್ಲಿ ಏನೋ ಒಂದು ಆಗಿಹೋಗಿರುತ್ತದೆ, ಬಲ್ಲೆ. ಆದರೂ ಹೇಳಿಕೊಳ್ಳಲು ನನಗೆ ಇನ್ಯಾರಿದ್ದಾರೆ?

ಹೀಗೆ ಅರ ಹಾಕುವುದನ್ನು ನೀವು ಜಂಪಣ್ಣನವರ ಸೈಕಲ್ಲಿಗೆ ಮಾಡಿದ್ದು ನೋಡಿ ಕಲಿತೆ. ಅವರು ಹೊನ್ನಾಳಿ ರಸ್ತೆಯ ಇಳಿಜಾರಿನಲ್ಲಿ ಬಿದ್ದು ಕಾಲು ಮುರಿದುಕೊಂಡಾಗ ಊರೆಲ್ಲ “ಕುಡ್ದು ಬಿದ್ದಾನೆ” ಅಂತು. ನೀವೂ ಹೌದೆಂದಿರಿ. ಮುರಿದ ಫೋರ್ಕನ್ನು ನೀವು ಹಾಳುಬಾವಿಗೆ ಎಸೆದದ್ದನ್ನು ನಾನು ಕಂಡಿದ್ದೆ. ಆಮೇಲೆ ಹದಿನೈದು ದಿನಕ್ಕೆ, ನನ್ನ ಬಾಯಿ ಜೋರೆಂದು ಜಗಳ ತೆಗೆದು ಹೊರಟಿರಿ. ಜೋರೇ, ಸುಳ್ಳಲ್ಲ. ಆದರೆ ಆ ಒಂದು ಮಾತನ್ನು ಈ ಬಾಯಿ ಯಾರ ಮುಂದೂ ಆಡಿಲ್ಲ. ನಿಮ್ಮ ಮೇಲೆ ಬಹಳ ಸಿಟ್ಟಿತ್ತು. ನೀವು ಆಗ ಎಷ್ಟು ಹೆದರಿದ್ದಿರಿ ಎಂಬುದು ಇವತ್ತು ನನಗೆ ತಿಳಿಯಿತು.

ಇಂತಿ, ಗಡಿಯಾರ ನೋಡುತ್ತಾ ಕೂತಿರುವ
ಕಲ್ಲಮ್ಮ

ತಾ.ಕ.: ಮೂರೂವರೆಗೆ ಮತ್ತೆ ಹೋದೆ. ಬಾಗಿಲಲ್ಲೇ ನಿಂತು ಎಲ್ಲ ಹೇಳಿ ಸೈಕಲ್ ತಳ್ಳಿಕೊಂಡು ಬಂದೆ. ಶಂಕ್ರಮ್ಮನವರು ಬೈಯಲಿಲ್ಲ, “ಹಿಂಗೆ ಮಾಡಾಕೆ ನಿಂಗ್ಯಾರೇ ಹೇಳಿಕೊಟ್ಟೋರು?” ಎಂದು ಮಾತ್ರ ಕೇಳಿದರು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ, ಜಂಪಣ್ಣನವರದ್ದೂ ಹೇಳಿಬಿಟ್ಟೆ. ಸುದ್ದಿ ಮುಟ್ಟಿ ಈಗ ಜಂಪಣ್ಣನವರೇ ಕೋಲೂರಿಕೊಂಡು ಬಂದು ನಮ್ಮ ಅಂಗಡಿ ಕಟ್ಟೆಯ ಮೇಲೆ ಕೂತಿದ್ದಾರೆ. “ನಿನ್ ಗಂಡ ಬರಾತನಕ ಇಲ್ಲೇ ಕೂತಿರ್ತೀನಿ ಅಂತ ಬರಿಯಮ್ಮ” ಎಂದರು. ಬರೆದಿದ್ದೇನೆ.